ನೀಲಕ್ಕನ ಕಿವಿ ಮತ್ತು ನಾಲ್ಕು ಡಯೋಡುಗಳು

೧೯೮೩ನೆಯ ಇಸವಿ. ನನಗಾಗ ಹನ್ನೆರಡು ವರ್ಷ. ನನ್ನ ಅಕ್ಕ ನೀಲಮ್ಮನಿಗೆ ಹದಿನೈದು. ಇಸವಿಯನ್ನೂ ವಯಸ್ಸನ್ನೂ ಮೊದಲಿಗೇ ಹೇಳಿ ಮುಗಿಸುವುದು ನನ್ನ ಹಳೆಯ ಅಭ್ಯಾಸ. ಕನ್ನಡ ಮಾಸ್ತರನಾಗಿದ್ದಷ್ಟು ಕಾಲವೂ, ಮಕ್ಕಳ ಪ್ರಬಂಧಗಳಲ್ಲಿ ‘ಒಂದಾನೊಂದು ಕಾಲದಲ್ಲಿ’ ಎಂಬ ಆರಂಭ ಕಂಡ ಕೂಡಲೇ ನಾನು ಕೆಂಪು ಶಾಯಿಯಿಂದ ‘ಯಾವ ಕಾಲದಲ್ಲಿ?’ ಎಂದು ಪಕ್ಕದಲ್ಲಿ ಬರೆಯುತ್ತಿದ್ದೆ. ಸ್ವಯಂ ನಿವೃತ್ತಿ ಪಡೆದು ಯಾದಗಿರಿಯ ಮನೆಯಲ್ಲಿ ಕುಳಿತ ಮೇಲೂ ಆ ಶಾಯಿ ನನ್ನ ಬೆರಳಿನಿಂದ ಹೋಗಿಲ್ಲ. ಲಗ್ನಪತ್ರಿಕೆ ಬಂದರೆ ಮುಹೂರ್ತಕ್ಕಿಂತ ಮೊದಲು ಮಹಾಪ್ರಾಣಗಳನ್ನು ನೋಡುತ್ತೇನೆ. ಸ್ಟೇಷನ್ ರಸ್ತೆಯ ಫಲಕಗಳಲ್ಲಿ ತಪ್ಪು ಕಂಡರೆ ಅಂಗಡಿಯೊಳಗೆ ಹೋಗಿ, ಬೇಡದ ಸೋಪು ಕೊಂಡು, ಆ ನೆಪದಲ್ಲಿ ತಿದ್ದುಪಡಿ ಸೂಚಿಸುತ್ತೇನೆ. ನಮ್ಮ ಮನೆಯಲ್ಲಿ ಸೋಪಿನ ದಾಸ್ತಾನು ಯಾವಾಗಲೂ ತುಂಬಿರುವುದಕ್ಕೆ ಇದೇ ಕಾರಣ.

ಇಂಥ ನನಗೆ ೧೯೮೩ ನೆನಪಾದದ್ದು ಒಂದು ಚಹಾಪುಡಿಯ ಡಬ್ಬಿಯಿಂದ. ೨೦೨೩ರ ದಸರೆಗೆ ಮುನ್ನ ಮನೆ ಸ್ವಚ್ಛ ಮಾಡುವಾಗ, ಅಟ್ಟವನ್ನೇರಿದ್ದ ನನ್ನ ಹೆಂಡತಿ ಶಾಂತಾ ಎಸೆಯಲೆಂದು ಎತ್ತಿದ್ದ ಅದನ್ನು ಕೆಳಗಿದ್ದ ನನಗೆ ತೋರಿಸಿ, “ಇದನ್ನ ಒಗೀಲೇನ್ರಿ? ಒಳಗ ಏನೋ ಗಡಗಡ ಅಂತದ” ಎಂದಳು.

“ಒಗೀಬ್ಯಾಡ!” ಎಂದು ನಾನು ಕೂಗಿದ ರಭಸಕ್ಕೆ ಅವಳು ಡಬ್ಬಿಯನ್ನು ಎದೆಗೊತ್ತಿ ಹಿಡಿದುಕೊಂಡಳು.

ಅದು ನಮ್ಮ ಎಲಿಮಿನೇಟರ್. ಈ ಹೆಸರನ್ನು ಕೇಳಿರದವರಿಗಾಗಿ ಹೇಳುವುದಾದರೆ, ಗೋಡೆಯ ಕರೆಂಟನ್ನು ರೇಡಿಯೋಕ್ಕೆ ಸಲ್ಲುವಷ್ಟು ತಗ್ಗಿಸಿ, ಸೆಲ್ಲುಗಳ ಬದಲಿಗೆ ತಾನೇ ಅದಕ್ಕೆ ಉಣಿಸುವ ಪೆಟ್ಟಿಗೆ. ಸುರಪುರದಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ನಮ್ಮ ಸೋದರಮಾವ ಸಂಗಪ್ಪ ಅದನ್ನು ತಮ್ಮ ಕೈಯಾರೆ ಮಾಡಿ, ಹೊರಕವಚಕ್ಕೆಂದು ಚಹಾಪುಡಿಯ ಡಬ್ಬಿ ಬಳಸಿ, ತಮ್ಮ ಅಕ್ಕನ, ಅಂದರೆ ನಮ್ಮ ಅವ್ವನ, ಮನೆಗೆ ಉಡುಗೊರೆಯಾಗಿ ತಂದುಕೊಟ್ಟಿದ್ದರು. ಚಾಲೂ ಮಾಡಿ ಅರ್ಧ ತಾಸಾದರೆ ಡಬ್ಬಿ ಬಿಸಿಯಾಗಿ, ವಾರ್ತೆಗಳ ಜೊತೆಗೆ ಮನೆಯಲ್ಲೆಲ್ಲ ಚಹಾದ ನಸುವಾಸನೆ ಹರಡುತ್ತಿತ್ತು.

ಅದಕ್ಕೆ ಮುನ್ನ ಶಹಾಪುರದ ನಮ್ಮ ಮನೆಯ ರೇಡಿಯೋ ಸೆಲ್ಲುಗಳ ಮೇಲೆ ನಡೆಯುತ್ತಿತ್ತು. ಕಿರಾಣಿ ಅಂಗಡಿಯವರಾದ ಅಪ್ಪ ಯಾವ ವಸ್ತುವೂ ಪೂರ್ತಿ ತೀರಿತೆಂದು ಸುಲಭವಾಗಿ ಒಪ್ಪುವವರಲ್ಲ. ಸೆಲ್ಲುಗಳು ಸೋತು ವಾರ್ತೆ ಓದುವವರ ದನಿ ಕ್ಷೀಣಿಸಿತೆಂದರೆ, ಅವನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಿದ್ದರು. ಒಂದು ಬದಿಗೆ ಅವ್ವನ ಸಂಡಿಗೆ, ಇನ್ನೊಂದು ಬದಿಗೆ ಅಪ್ಪನ ಸೆಲ್ಲು. ಯಾವುದು ಸಂಡಿಗೆ, ಯಾವುದು ಸೆಲ್ಲು ಎಂಬುದು ಕಾಗೆಗಳಿಗೆ ಚೆನ್ನಾಗಿ ತಿಳಿದಿತ್ತು. ಕಣ್ಣು ಮಂಜಾಗಿದ್ದ ನಮ್ಮ ಅಜ್ಜಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಆಕೆ ಎರಡನ್ನೂ ಒಂದೇ ಮೊರದಲ್ಲಿ ಬಳಿದು ತರುತ್ತಿದ್ದಳು. ಎಲಿಮಿನೇಟರ್ ಬಂದ ದಿನ ಅತಿ ಹೆಚ್ಚು ಸಂತೋಷಪಟ್ಟವಳು ಅವ್ವ. ರೇಡಿಯೋಕ್ಕಾಗಿ ಅಲ್ಲ, ಸಂಡಿಗೆಗಾಗಿ.

ಆದರೆ ಆ ಎಲಿಮಿನೇಟರಿಗೆ ಒಂದು ದೋಷವಿತ್ತು. ಅದು ಗೊಂಯ್‌ಗುಡುತ್ತಿತ್ತು. ಯಾವ ಕೇಂದ್ರ ಹಚ್ಚಿದರೂ ಅದರ ಅಡಿಯಲ್ಲಿ ‘ಗೊಂಯ್’ ಎಂಬ ದಪ್ಪ ನಾದವೊಂದು ಎಡೆಬಿಡದೆ ಹರಿಯುತ್ತಿತ್ತು. ಮಂತ್ರಿಗಳು ಮಾತನಾಡಿದರೂ ಗೊಂಯ್, ಕೃಷಿರಂಗದಲ್ಲಿ ತೊಗರಿಯ ಕೀಟದ ಸುದ್ದಿ ಬಂದರೂ ಗೊಂಯ್. ಅಜ್ಜಿಯಂತೂ ಕೀಟವೇ ಸ್ವತಃ ಬಂದು ಮಾತನಾಡುತ್ತಿದೆಯೆಂದು ನಂಬಿದ್ದಳು.

ಈ ಗೊಂಯ್ ಎಲ್ಲಿಂದ ಬಂತೆಂಬುದನ್ನು ಇಲ್ಲಿ ವಿವರಿಸದೆ ಮುಂದುವರಿಯಲಾರೆ. ಹಳೆಯ ಮಾಸ್ತರನನ್ನು ಸಹಿಸಿಕೊಳ್ಳಿ. ಗೋಡೆಯ ಕರೆಂಟು ಒಂದೇ ದಿಕ್ಕಿಗೆ ಹರಿಯುವ ಸ್ವಭಾವದ್ದಲ್ಲ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಸೆಕೆಂಡಿಗೆ ಐವತ್ತು ಸಲ ತೂಗುತ್ತಲೇ ಇರುತ್ತದೆ. ರೇಡಿಯೋಕ್ಕಾದರೋ ಒಂದೇ ದಿಕ್ಕಿನ ಕರೆಂಟು ಬೇಕು. ಆದುದರಿಂದ ನಡುವೆ ಡಯೋಡು ಎಂಬ, ಒಂದೇ ಕಡೆಗೆ ತೆರೆಯುವ ಬಾಗಿಲನ್ನಿಡುತ್ತಾರೆ. ಒಂದೇ ಡಯೋಡು ಇದ್ದರೆ, ಮುಂದಕ್ಕೆ ಬಂದ ಅರ್ಧ ಒಳಗೆ ಹೋಗುತ್ತದೆ. ಹಿಂದಕ್ಕೆ ಬಂದ ಅರ್ಧ ಹೊಸ್ತಿಲಲ್ಲೇ ನಿಲ್ಲುತ್ತದೆ. ಇದು ಅರ್ಧತರಂಗದ ಕ್ರಮ. ನಾಲ್ಕು ಡಯೋಡುಗಳನ್ನು ಚೌಕಟ್ಟಾಗಿ ಜೋಡಿಸಿದರೆ, ಹಿಂದಕ್ಕೆ ಬಂದ ಅರ್ಧವನ್ನೂ ಅವು ತಿರುಗಿಸಿ ಮುಂದಕ್ಕೇ ಕಳಿಸುತ್ತವೆ. ಇದು ಪೂರ್ಣತರಂಗದ ಕ್ರಮ.

ನಮ್ಮ ಮನೆಯ ಪಡಸಾಲೆಯಲ್ಲಿ ಬೀಸುವ ಕಲ್ಲಿತ್ತು. ಅವ್ವ ಒಬ್ಬಳೇ ಕುಳಿತು ಜೋಳ ಬೀಸುವಾಗ ಗೂಟವನ್ನು ತನ್ನೆಡೆಗೆ ಜೋರಾಗಿ ಎಳೆಯುತ್ತಿದ್ದಳು. ಆಚೆಯ ಅರ್ಧ ಸುತ್ತಿನಲ್ಲಿ ಕಲ್ಲು ತನ್ನ ಓಟದಿಂದಲೇ ಹೇಗೋ ತಿರುಗಿ ಬರುತ್ತಿತ್ತು. ಇದುವೇ ಅರ್ಧತರಂಗ. ನೀಲಕ್ಕ ಎದುರಿಗೆ ಕುಳಿತು ಅದೇ ಗೂಟ ಹಿಡಿದರೆ, ಅವ್ವ ಎಳೆದ ಮೇಲೆ ಇವಳು, ಇವಳು ಎಳೆದ ಮೇಲೆ ಅವ್ವ. ಕಲ್ಲಿಗೆ ಬಿಡುವೇ ಇಲ್ಲ. ಅದು ಪೂರ್ಣತರಂಗ. ಹಿಟ್ಟೂ ಸಮನಾಗಿ ಸುರಿಯುತ್ತಿತ್ತು. ಇಬ್ಬರೂ ಹಾಡುತ್ತಿದ್ದರು. ಅಕ್ಕ ಹಾಡು ಕಲಿತದ್ದೇ ಅಲ್ಲಿ. ಈ ಕಲ್ಲನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ, ಅದಕ್ಕಾಗಿಯೇ ಅಕ್ಕನಿಗೂ ನನಗೂ ಒಂದು ವ್ಯಾಜ್ಯ ಇಷ್ಟು ಕಾಲ ನಡೆಯಿತು.

ಮಾವನ ಮೊದಲ ಎಲಿಮಿನೇಟರಿನಲ್ಲಿದ್ದದ್ದು ಒಂದೇ ಡಯೋಡು. ಆದುದರಿಂದ ಗೊಂಯ್. ಅದನ್ನು ಮನೆಯವರೆಲ್ಲರೂ ಸಹಿಸಿಕೊಂಡರು; ನೀಲಕ್ಕ ಮಾತ್ರ ಪ್ರೀತಿಸಿದಳು. ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿರುವಾಗ ಅವಳು ರೇಡಿಯೋವನ್ನು ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ, ಅದಿದ್ದ ಗೋಡೆಯ ಗೂಡಿನ ಕೆಳಗೆ ಬೆನ್ನು ಹಚ್ಚಿ ಕುಳಿತು, ಆ ಗೊಂಯ್‌ಗೆ ದನಿ ಸೇರಿಸಿ ಹಾಡುತ್ತಿದ್ದಳು. ತಂಬೂರಿಯನ್ನು ನಾವು ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಎಲಿಮಿನೇಟರೇ ಅವಳ ತಂಬೂರಿ.

“ಹಾಡಾಕಿ ನೀನು, ಸುಮ್ಮಕಿರೋದು ರೇಡಿಯೋ. ಮತ್ತ್ಯಾಕ ಅದಕ್ಕ ಕರೆಂಟ ಸುಡ್ತಿ?” ಎಂದು ಅವ್ವ ಒಳಗಿನಿಂದ ಕೂಗುವಳು.

“ಅದು ಸುಮ್ಮಕಿಲ್ಲ ಬೇ, ಸೂರ ಹಿಡದದ!” ಎನ್ನುವಳು ಅಕ್ಕ.

ಮಾವನಿಗೆ ಮಾತ್ರ ತಮ್ಮ ಕೈಯ ಕೆಲಸ ಹೀಗೆ ಊರ ಮುಂದೆ ಗೊಂಯ್‌ಗುಡುವುದು ಅವಮಾನವೆನ್ನಿಸಿತ್ತು. ಆ ವರ್ಷದ ಬೇಸಿಗೆಯಲ್ಲಿ ಒಮ್ಮೆ ಶಹಾಪುರಕ್ಕೆ ಬಂದವರು, ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, “ಇವತ್ತ ಇದಕ್ಕೊಂದು ಗತಿ ಕಾಣಿಸ್ತೀನಿ” ಎಂದು ಡಬ್ಬಿ ಬಿಚ್ಚಿ ಕುಳಿತರು. ಹಳೆಯ ಡಯೋಡು ಹೊರಗೆ, ಹೊಸ ನಾಲ್ಕು ಒಳಗೆ. ಚಾಲೂ ಮಾಡಿದರೆ, ಗೊಂಯ್ ಹೋಗಿ, ಕಿವಿಗೊಟ್ಟು ಕೇಳಿದರಷ್ಟೇ ಕೇಳುವಂಥ ಒಂದು ಸಣ್ಣ ‘ಞಂಯ್’ ಉಳಿದಿತ್ತು. ಅಪ್ಪ “ಶಾಭಾಸ್!” ಎಂದರು. ಅಜ್ಜಿ ಕೀಟ ಸತ್ತಿತೆಂದು ನಿಟ್ಟುಸಿರುಬಿಟ್ಟಳು. ನೀಲಕ್ಕ ಮಾತ್ರ ಗೂಡಿನ ಕೆಳಗೆ ನಿಂತು ಹುಬ್ಬು ಗಂಟಿಕ್ಕಿದಳು.

“ಮಾವ, ಸೂರ ಮ್ಯಾಲ ಹೋತು.”

“ಮ್ಯಾಲ ಹೋಗಿಲ್ಲವ್ವ. ಸಣ್ಣ ಆಗ್ಯಾದ, ಅಷ್ಟ.”

“ಸಣ್ಣ ಆಗೋದು ಬ್ಯಾರೆ, ಮ್ಯಾಲ ಹೋಗೋದು ಬ್ಯಾರೆ. ಇದು ಮ್ಯಾಲ ಹೋಗ್ಯಾದ.”

ಆಗ ನಾನು, ಏಳನೆಯ ಇಯತ್ತೆಯ ವಿಜ್ಞಾನದಲ್ಲಿ ಪ್ರಥಮನು, ನಡುವೆ ಬಾಯಿ ಹಾಕಿದೆ. “ರೇಡಿಯೋ ಅದೇ, ಕರೆಂಟು ಅದೇ, ಡಬ್ಬಿ ಅದೇ. ಸ್ವರ ಬೇರೆ ಆಗಲು ಸಾಧ್ಯವಿಲ್ಲ” ಎಂದು ಪುಸ್ತಕದ ಭಾಷೆಯಲ್ಲಿ ತೀರ್ಪಿತ್ತೆ. ಆ ವಯಸ್ಸಿನಲ್ಲೇ ನನಗೆ ಮನೆಯ ಮಾತಿನಲ್ಲಿ ವಾದಿಸಿದರೆ ತೂಕ ಸಾಲದೆಂಬ ಅನುಮಾನವಿತ್ತು.

ಅಪ್ಪ ನಕ್ಕು, “ನೀಲಿ, ನಿನ್ನ ಕಿವಿಗೂ ಥೋಡೆ ಡಯೋಡ್ ಹಾಕಸಬೇಕು” ಎಂದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಆದರೆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಅಂದಿನಿಂದ ನಮ್ಮ ಮನೆಯ ನಿಘಂಟಿಗೆ ‘ನೀಲಿ ಕಿವಿ’ ಎಂಬ ಹೊಸ ನುಡಿಗಟ್ಟೊಂದು ಸೇರಿತು. ಯಾರಾದರೂ ಇಲ್ಲದ್ದನ್ನು ಇದೆಯೆಂದರೆ, ಅದು ನೀಲಿ ಕಿವಿ. ಅಜ್ಜಿ, “ಬಸ್ಸು ಬಂದ ಸಪ್ಪಳ ಆತು” ಎಂದಳು, ಬಸ್ಸು ಬರಲಿಲ್ಲ: ನೀಲಿ ಕಿವಿ. ಅವ್ವ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿ, ನಾವು ಇಲ್ಲವೆಂದರೆ: ನಾಲಗೆಗೂ ನೀಲಿ ಕಿವಿ. ವ್ಯಾಕರಣದ ದೃಷ್ಟಿಯಿಂದ ಈ ಕೊನೆಯ ಪ್ರಯೋಗ ಅಸಾಧುವೆಂದು ನಾನು ಆಕ್ಷೇಪಿಸಿದೆ, ಯಾರೂ ಕಿವಿಗೊಡಲಿಲ್ಲ. ಅಕ್ಕನ ಮದುವೆಯಾಗಿ ಕೆಂಭಾವಿಯ ಭಾವ ಮನೆಗೆ ಬಂದ ಮೊದಲ ದಿನವೇ ಈ ಪದವನ್ನು ಕಲಿತು, ಬೀಗರ ಊಟದಲ್ಲಿ ಅದನ್ನು ಪ್ರಯೋಗಿಸಿ, ನಮ್ಮ ಮನೆಯವರೇ ಆಗಿಬಿಟ್ಟರು.

ಅಕ್ಕ ಮಾತ್ರ ಬಗ್ಗಲಿಲ್ಲ. ಪ್ರತಿ ಹಬ್ಬಕ್ಕೂ ನಾವು ಸೇರಿದಾಗ, ಹೋಳಿಗೆಯ ಎರಡನೆಯ ಸುತ್ತು ಮುಗಿದ ಮೇಲೆ, ಅವಳು ನನ್ನತ್ತ ನೋಡಿ ಬಲಗೈಯನ್ನು ಒಂದು ಗೇಣು ಮೇಲೆತ್ತುವಳು: ಸೂರ ಮೇಲೆ ಹೋಯಿತು. ನಾನು ಅಂಗೈಯನ್ನು ಸಮತಟ್ಟಾಗಿ ತೋರಿಸುವೆ: ಇಲ್ಲ, ಅಲ್ಲೇ ಇತ್ತು. ಮಾತಿಲ್ಲದ ಈ ವಾದವನ್ನು ಕಂಡ ಹೊಸ ಸೊಸೆಯಂದಿರು, ಅಕ್ಕ ಇನ್ನೊಂದು ಹೋಳಿಗೆ ಬಡಿಸಲು ಒತ್ತಾಯಿಸುತ್ತಿದ್ದಾಳೆ, ನಾನು ಸಾಕೆನ್ನುತ್ತಿದ್ದೇನೆ ಎಂದು ತಿಳಿದು ನನಗೆ ಬಡಿಸದೆ ಹೋದದ್ದೂ ಉಂಟು.

ನನ್ನ ಪಕ್ಷದಲ್ಲಿ ವಿಜ್ಞಾನವಿದೆಯೆಂಬ ಭರವಸೆ ನನಗೆ ಬಲವಾಗಿಯೇ ಇತ್ತು. ಒಮ್ಮೆ ಯಾದಗಿರಿಯ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕರು ರಜೆಯ ಮೇಲಿದ್ದಾಗ, ಹತ್ತನೆಯ ತರಗತಿಗೆ ಇದೇ ಪಾಠ ಮಾಡುವ ಯೋಗ ನನಗೇ ಒದಗಿತು. ಹಲಗೆಯ ಮೇಲೆ ಅರ್ಧತರಂಗವನ್ನು ಬರೆದೆ: ಒಂದು ಗುಡ್ಡ, ಒಂದು ಬಯಲು, ಒಂದು ಗುಡ್ಡ, ಒಂದು ಬಯಲು. ಕೆಳಗೆ ಪೂರ್ಣತರಂಗ: ಗುಡ್ಡಕ್ಕೆ ಗುಡ್ಡ ಅಂಟಿ, ಬಯಲೇ ಇಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಸರ್, ಮ್ಯಾಲಿಂದು ನಮ್ಮೂರ ಕಡಿ ಗುಡ್ಡ, ಕೆಳಗಿಂದು ಶಹಾಪುರದ್ದರಿ” ಎಂದಳು. ತರಗತಿಯೆಲ್ಲ ನಕ್ಕಿತು. ನಾನು ಆ ರೂಪಕವನ್ನು ಮೆಚ್ಚಿ, ರೂಪಕಾಲಂಕಾರದ ಲಕ್ಷಣಗಳನ್ನು ವಿವರಿಸತೊಡಗಿ, ಉಳಿದ ಅವಧಿಯನ್ನು ಪೂರ್ತಿಯಾಗಿ ಅದಕ್ಕೇ ವಿನಿಯೋಗಿಸಿದೆ. ಗುಡ್ಡಗಳನ್ನು ಎಣಿಸುವುದು ಹಾಗೆಯೇ ಉಳಿಯಿತು.

ಈಗ ಡಬ್ಬಿಯತ್ತ ಹಿಂದಿರುಗೋಣ. ಅದನ್ನು ಒರೆಸಿ ಮೇಜಿನ ಮೇಲಿಟ್ಟು ನಾನು ಅಕ್ಕನಿಗೆ ಫೋನು ಮಾಡಿದೆ. ಅಪ್ಪನ ಕಾಲದ ನಂತರ ರೇಡಿಯೋ ನನ್ನಲ್ಲೇ ಇದೆ. ಆದರೆ ಎಲಿಮಿನೇಟರ್ ಎಲ್ಲೋ ಕಳೆದುಹೋಯಿತೆಂದೇ ನಾವೆಲ್ಲ ತಿಳಿದಿದ್ದೆವು.

“ಅಕ್ಕಾ, ನಿನ್ನ ತಂಬೂರಿ ಸಿಕ್ಕದ.”

“ಡಬ್ಬಿ ಏನೋ?” ಎಂದಳು. ಆಮೇಲೆ ಜೋರಾಗಿ ನಕ್ಕಳು. ಆಮೇಲೆ ಹೇಳಿದ ಸುದ್ದಿ ಇದು: ಕೆಂಭಾವಿಯಲ್ಲಿ ಸಿದ್ರಾಮಪ್ಪ ಎಂಬ ಹಾರ್ಮೋನಿಯಂ ಕಲಿಸುವವರು ಹೆಂಗಸರಿಗಾಗಿ ಪಾಠ ಶುರುಮಾಡುತ್ತಿದ್ದಾರೆ. ಭಜನೆಯ ಗೆಳತಿಯರೆಲ್ಲರೂ ಸೇರುತ್ತಿದ್ದಾರೆ. ಇವಳನ್ನೂ ಕರೆದಿದ್ದಾರೆ.

“ಮತ್ತ ಸೇರು!” ಎಂದೆ.

“ಆಸಿ ಭಾಳ ಅದೋ ತಮ್ಮಾ. ಸಣ್ಣಾಕಿ ಇದ್ದಾಗಿಂದ ಅದ. ಆದ್ರ ನನ್ನ ಕಿವೀದೇ ಒಂದು ಇತ್ಯರ್ಥ ಆಗಿಲ್ಲಲ್ಲ. ಕಿವಿ ಸುಳ್ಳಿದ್ದಾಕಿ ಪೆಟಗಿ ಮುಂದ ಕೂತು ಮಂದ್ಯಾಗ ಯಾಕ ನಗಿಸ್ಕೋಬೇಕು?”

ಅವಳು ಇದನ್ನೂ ನಗುತ್ತಲೇ ಹೇಳಿದಳು. ಆದರೆ ನಗು ನಿಂತ ಮೇಲೂ ಫೋನಿಡಲಿಲ್ಲ. ಐವತ್ತೈದರ ಹೆಂಗಸು, ಮೊಮ್ಮಗಳನ್ನು ಕಂಡಾಕೆ, ಇಡೀ ಮನೆತನದ ಜೊತೆಗೆ ತಾನೂ ನಗುತ್ತ ಬಂದಾಕೆ. ಆ ನುಡಿಗಟ್ಟಿನ ಒಂದು ಸಣ್ಣ ಮುಳ್ಳನ್ನು ಮಾತ್ರ ಯಾರಿಗೂ ತೋರದಂತೆ ಇಟ್ಟುಕೊಂಡಿದ್ದಳೆಂದು ನನಗೆ ಆಗ ತಿಳಿಯಿತು.

“ಇತ್ಯರ್ಥ ಮಾಡೋಣು” ಎಂದೆ. “ದಸರಾ ಆಗಲಿ, ಡಬ್ಬಿ ತಗೊಂಡು ಬರ್ತೀನಿ.”

“ನೀ ಸೋತರ?”

“ಸೋತರ ರೇಡಿಯೋ ನಿನ್ನದು.”

“ನಾ ಸೋತರ?”

ಅದರ ಉತ್ತರವನ್ನೂ ಅವಳೇ ಹೇಳಿದಳು: “ನಾ ಸೋತರ ಪೆಟಗಿ ಮುಂದ ಕೂಡಂಗಿಲ್ಲ. ಮುಗೀತು.”

ದಸರೆ ಮುಗಿದ ಮೊದಲ ರವಿವಾರ ಹೊರಟೆ. ಮರದ ಕವಚದ ಆ ರೇಡಿಯೋ ಸಣ್ಣದಲ್ಲ. ತೊಡೆಯ ಮೇಲಿಟ್ಟುಕೊಂಡರೆ ಎದುರಿನದು ಕಾಣದು. ಶಹಾಪುರದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಅದನ್ನು ಮೇಲಿನಿಂದ ಕೆಳಗೆ ನೋಡಿ, “ಮಾತಾಡ್ತದೇನ್ರಿ ಇದು?” ಎಂದ.

“ಈಗ ಆಡುವುದಿಲ್ಲ” ಎಂದೆ.

“ಹಂಗಾದ್ರ ಟಿಕೇಟ ಬ್ಯಾಡ್ರಿ. ಸುಮ್ಮ ಕೂಡೋರಿಗೆ ನಾವು ತ್ರಾಸ ಕೊಡಂಗಿಲ್ಲ.”

ಸುರಪುರದಲ್ಲಿ ಸಂಗಪ್ಪ ಮಾವ ಬಸ್ಸೇರಿದರು. ಅಂಗಡಿಯನ್ನು ಬಿಟ್ಟು ವರ್ಷಗಳಾಗಿವೆ. ಆದರೆ ಕಿಸೆಯಲ್ಲಿ ಕಟರ್ ಇಲ್ಲದೆ ಅವರು ಹೊರಗೆ ಹೊರಟವರಲ್ಲ. ಪಕ್ಕದಲ್ಲಿ ಕುಳಿತು, ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, “ಅಳಿಯಾ, ಒಳಗ ಕೆಪಾಸಿಟರ್ ಒಣಗ್ಯಾದ. ಗೊಂಯ್ ಅನ್ನೋದನ್ನ ಹಿಡಿದಿಡೋದು ಅದ. ಈಗ ಗೊಂಯ್ ಜೋರ ಕೇಳ್ತದ” ಎಂದರು.

“ಒಳ್ಳೆಯದೇ ಆಯಿತಲ್ಲ.”

“ಒಳ್ಳೇದು ಹೆಂಗ? ನನ್ನ ಮಾಲು ಅಳಾಕ ಹತ್ತಿದ್ರ ನಿನಗ ಒಳ್ಳೇದು!” ಎಂದು ಕೆಂಭಾವಿಯವರೆಗೂ ಮುಖ ಊದಿಸಿಕೊಂಡೇ ಕುಳಿತಿದ್ದರು.

ಪರೀಕ್ಷೆಯೆಂದರೆ ಪರೀಕ್ಷೆಯ ಕ್ರಮದಲ್ಲೇ ನಡೆಯಬೇಕೆಂಬುದು ನನ್ನ ಹಟ. ಅಕ್ಕ ಗೋಡೆಗೆ ಮುಖ ಮಾಡಿ ಕೂಡಬೇಕು, ಡಬ್ಬಿಯನ್ನು ನೋಡಕೂಡದು. ಹಾರ್ಮೋನಿಯಂ ಸಮೇತ ಬಂದಿದ್ದ ಸಿದ್ರಾಮಪ್ಪನವರಿಗೆ ನಮ್ಮ ವ್ಯಾಜ್ಯದ ಒಂದು ಅಕ್ಷರವೂ ತಿಳಿಯಕೂಡದು. ಕೇಳಿದ ನಾದವನ್ನು ಪೆಟ್ಟಿಗೆಯ ಮೇಲೆ ಹುಡುಕಿ ತೋರಿಸುವುದಷ್ಟೇ ಅವರ ಕೆಲಸ. ಯಾರೂ ಸನ್ನೆ ಮಾಡಕೂಡದು. ಇದನ್ನು ಹೇಳುವಾಗ ನಾನು ಭಾವನನ್ನೇ ನೋಡಿದೆ.

“ನಕಲು ಹೊಡ್ಯಾಕ ಚೀಟಿ ಏನ್ ತಂದಿಲ್ರಿ ಮಾಸ್ತರ್ರ, ಬೇಕಂದ್ರ ಕಿಸೆ ನೋಡ್ರಿ” ಎಂದು ಭಾವ ಎದ್ದು ನಿಂತು ಎರಡೂ ಕಿಸೆಗಳನ್ನು ಹೊರಗೆ ತೆಗೆದು ತೋರಿಸಿದರು. ಒಂದರಿಂದ ಶೇಂಗಾ ಸಿಪ್ಪೆ ಉದುರಿತು.

ಮಾವ ವೈರು ಜೋಡಿಸಿದರು. ನಾಲ್ಕು ಡಯೋಡುಗಳ ಮೇಲೆ, ಅಂದರೆ ನಾವು ಬಿಟ್ಟ ಸ್ಥಿತಿಯಲ್ಲೇ, ರೇಡಿಯೋ ಚಾಲೂ ಆಯಿತು. ಕೆಪಾಸಿಟರ್ ಒಣಗಿದ್ದರಿಂದ ನಾದ ಸ್ಪಷ್ಟವಾಗಿಯೇ ಕೇಳಿತು. ಗೋಡೆಗೆ ಮುಖ ಮಾಡಿದ್ದ ಅಕ್ಕ ಕತ್ತನ್ನು ತುಸು ಓರೆ ಮಾಡಿ, ಭಜನೆಯಲ್ಲಿ ಕೇಳಿ ಬಲ್ಲ ಬಿಳಿ ಮಣೆಗಳ ಲೆಕ್ಕದಲ್ಲಿ, “ಬಿಳಿ ಐದು. ಆದ್ರ ಒಂದು ಕೂದಲೆಳಿ ಮ್ಯಾಲ ಅದ” ಎಂದಳು.

ಸಿದ್ರಾಮಪ್ಪನವರು ಖರಜದ ಕಡೆಯ, ಅಂದರೆ ಪೆಟ್ಟಿಗೆಯ ಎಡತುದಿಯ, ಬಿಳಿ ಐದನ್ನು ಒತ್ತಿದರು. ಎರಡು ನಾದಗಳೂ ಒಂದರ ಪಕ್ಕದಲ್ಲಿ ಒಂದು ನಿಂತು ಸಣ್ಣಗೆ ತೊನೆದಾಡಿದವು. ಅವರು ತಿರುಗಿ ಅಕ್ಕನ ಬೆನ್ನನ್ನೇ ನೋಡಿದರು. “ಕೂದಲೆಳಿ ಅಂತ ಹೆಂಗ ತಿಳೀತವ್ವ ನಿನಗ? ನನ್ನ ಪೆಟಗಿಯೇ ಅಷ್ಟು ಕೆಳಗಿರಬೇಕು.”

“ಕೇಳತದಲ್ರಿ” ಎಂದಳು ಅಕ್ಕ, ಗೋಡೆಗೆ.

ಇನ್ನು ಎರಡನೆಯ ಭಾಗ. “ನಾಕೂ ತೆಗದು ಒಂದು ಹಾಕಬೇಕಾಗ್ತದೇನ್ರಿ?” ಎಂದು ಭಾವ ಕೇಳಿದರು. ಮಾವ ತಲೆಯಾಡಿಸಿದರು: “ಬ್ಯಾಡ. ನಾಕರಾಗ ಒಂದರ ಕಾಲು ಕತ್ತರಿಸಿದ್ರ ಸಾಕು. ತಿರಗಿಸಿ ಕಳಸೋ ದಾರಿ ಬಂದ್ ಆಗ್ತದ. ಅರ್ಧತರಂಗ ಅಷ್ಟ ಉಳೀತದ.” ಕಟರ್ ತೆಗೆದು, ಕಣ್ಣು ಕಿರಿದಾಗಿಸಿ, ಒಂದು ಡಯೋಡಿನ ಕಾಲನ್ನು ಕಟ್ ಎನ್ನಿಸಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟರು. ಒತ್ತಿದರು.

ಏನೂ ಕೇಳಲಿಲ್ಲ.

ಅಕ್ಕನ ಹೆಗಲುಗಳು ಬಿಗಿದದ್ದು ನನಗೆ ಹಿಂದಿನಿಂದಲೇ ಕಂಡಿತು. ಮಾವ ಡಬ್ಬಿಯನ್ನು ತಟ್ಟಿದರು. ಆಗ ಭಾವ ಮೇಲೆ ನೋಡಿ, “ಫ್ಯಾನೂ ನಿಂತದ್ರಿ. ಕರೆಂಟ್ ಹೋಗ್ಯಾದ” ಎಂದರು.

ಕೆಂಭಾವಿಯಲ್ಲಿ ರವಿವಾರ ಕರೆಂಟು ಹೋದರೆ, ಹೋದದ್ದು ಯಾವಾಗ ಬಂದೀತೆಂದು ಕೇಳುವ ರೂಢಿಯಿಲ್ಲ. ಅಕ್ಕನನ್ನು ಎದ್ದು ಬಾ ಎಂದೆ; ಬರಲಿಲ್ಲ. “ಪರೀಕ್ಷಾ ನಡದಾಗ ಎದ್ರ ನೀನ ಹೊರಗ ಹಾಕ್ತಿ” ಎಂದಳು. ಕೊನೆಗೆ ಅವಳು ಬೆಳಿಗ್ಗೆಯೇ ಮಾಡಿಟ್ಟಿದ್ದ ಚುರುಮುರಿ ಸೂಸಲಾ ಮತ್ತು ಮೆಣಸಿನಕಾಯಿ ಭಜಿಯನ್ನು ಭಾವನೇ ತಂದು ಹಂಚಿದರು. ಅಕ್ಕ ಗೋಡೆಯನ್ನೇ ನೋಡುತ್ತ ಭಜಿ ತಿಂದಳು. ಸಿದ್ರಾಮಪ್ಪನವರಿಗೆ ಇದು ಯಾವ ಪಂಥದ ವ್ರತವೆಂದು ಕೇಳಬೇಕೆನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ಆ ಬಿಡುವಿನಲ್ಲಿ, ಭಾವನಿಗೆ ಈ ಪ್ರಯೋಗದ ತತ್ತ್ವವನ್ನು ತಿಳಿಸುವ ಉತ್ಸಾಹ ನನಗೆ ಹುಟ್ಟಿತು. ಅಂದು ಹಲಗೆಯ ಮೇಲೆ ಬರೆದಂತೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುಡ್ಡಗಳನ್ನು ಬರೆದೆ. “ನೋಡ್ರಿ ಭಾವ, ಅವ್ವ ಒಬ್ಬಾಕೀನ ಜ್ವಾಳಾ ಬೀಸಿದ್ರ, ಒಂದು ಸುತ್ತಿಗೆ ಒಂದ್ ಸಲ ಜೋರು. ಒಂದ್ ಸಲ ಗರ್ ಅಂತಿತ್ತು ಕಲ್ಲು. ಇದು ಒಂದ ಡಯೋಡ್. ಎದುರಿಗೆ ಅಕ್ಕ ಕೂತಳು ಅಂದ್ರ, ಒಂದು ಸುತ್ತಿಗೆ...”

“ಎರ‍್ಡ ಸಲ ಗರ್” ಎಂದರು ಭಾವ, ಸಹಜವಾಗಿ.

ಎರಡು ಸಲ. ನನ್ನ ಕೈಯ ಸುಣ್ಣದ ಕಡ್ಡಿ ನಿಂತಿತು. ಮೇಲಿನ ಸಾಲಿನ ಗುಡ್ಡಗಳನ್ನು ಎಣಿಸಿದೆ. ಕೆಳಗಿನ ಸಾಲಿನವನ್ನು ಎಣಿಸಿದೆ. ಅಷ್ಟೇ ಅಗಲದಲ್ಲಿ ಕೆಳಗಿನವು ಸರಿಯಾಗಿ ಇಮ್ಮಡಿ. ಸೆಕೆಂಡಿಗೆ ಐವತ್ತು ಗುಡ್ಡಗಳಿದ್ದಲ್ಲಿ ನೂರು. ಸಪ್ಪಳವೆಂದರೆ ಈ ಏರಿಳಿತವೇ ಅಲ್ಲವೆ? ಇಮ್ಮಡಿ ವೇಗದಲ್ಲಿ ನಡುಗುವ ನಾದ ಇದ್ದಲ್ಲಿಯೇ ಇರುವುದೆಂತು? ಅದು ಒಂದು ಸಪ್ತಕ ಪೂರ್ತಿ ಮೇಲೇರಲೇಬೇಕು. ಬಾಯಲ್ಲಿದ್ದ ಭಜಿ ಅಲ್ಲೇ ಉಳಿಯಿತು. ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ಕರೆಂಟು ಬರುವುದಕ್ಕೆ ಮೊದಲೇ ನಾನು ಸೋತಿದ್ದೆ, ಮತ್ತು ಅದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇಷ್ಟು ವರ್ಷ ನನ್ನ ಮಾತಿನಿಂದ ಕಟ್ಟಿದ್ದನ್ನು ನನ್ನದೇ ಇನ್ನೊಂದು ಮಾತಿನಿಂದ ಬಿಡಿಸಿದರೆ ಅದರಲ್ಲಿ ಅಕ್ಕನ ಪಾಲೇನು? ಆ ಗೆಲುವು ಅವಳಿಗೆ ಕಿವಿಯಿಂದಲೇ ಬರಬೇಕಿತ್ತು. ನೀರು ಕುಡಿದು, ಗುಡ್ಡಗಳನ್ನು ಅಂಗೈಯಿಂದ ಅಳಿಸಿ, ಫ್ಯಾನನ್ನೇ ನೋಡುತ್ತ ಕುಳಿತೆ. ಜೀವಮಾನದಲ್ಲಿ ನಾನು ಇಷ್ಟು ಆತುರದಿಂದ ನನ್ನ ಸೋಲನ್ನು ಕಾದದ್ದಿಲ್ಲ.

ಫ್ಯಾನು ಅಲುಗಿತು. ಮೊದಲು ರೆಕ್ಕೆ ಸುತ್ತಿತು. ಅದರ ಬೆನ್ನಿಗೇ ರೇಡಿಯೋದಿಂದ ಬಂತು.

ಗೊಂಯ್.

ದಪ್ಪ, ಅಗಲ, ಬೀಸುಕಲ್ಲಿನಂಥ ಗೊಂಯ್. ಶಹಾಪುರದ ಪಡಸಾಲೆ, ಗೋಡೆಯ ಗೂಡು, ಬಿಸಿ ಡಬ್ಬಿಯ ಚಹಾದ ವಾಸನೆ, ಎಲ್ಲವೂ ಆ ಒಂದು ನಾದದೊಳಗೇ ಇದ್ದವು. ಅಕ್ಕ ಗೋಡೆಯನ್ನು ನೋಡುತ್ತಲೇ ‘ಓ’ ಎಂದು ದನಿ ತೆಗೆದಳು. ಅವ್ವನ ಎದುರು ಗೂಟ ಹಿಡಿದು ಕೂಡುವ ಮೊದಲು ತೆಗೆಯುತ್ತಿದ್ದಂಥದೇ ದನಿ. ಅದು ಗೊಂಯ್‌ನ ಮೇಲೆ ನೇರ ಹೋಗಿ ಕುಳಿತಿತು. ಎರಡರ ನಡುವೆ ಕೂದಲೆಳೆಯೂ ಇರಲಿಲ್ಲ.

ಸಿದ್ರಾಮಪ್ಪನವರ ಬೆರಳು ಪೆಟ್ಟಿಗೆಯ ಮೇಲೆ ಆ ನಾದವನ್ನು ಹುಡುಕುತ್ತ ಎಡಕ್ಕೆ ಸರಿಯಿತು. ಖರಜದ ಬಿಳಿ ಐದರಿಂದ ನಾಲ್ಕು, ಮೂರು, ಎರಡು, ಒಂದು. ಅಲ್ಲಿಗೆ ಮಣೆಗಳು ಮುಗಿದವು. ಬೆರಳು ಮುಂದೆ ಹೋಗಿ ಪೆಟ್ಟಿಗೆಯ ಅಂಚಿನ ಮರದ ಮೇಲೆ ಟಕ್ ಎಂದು ತಟ್ಟಿತು. ಅವರು ಮುಖವೆತ್ತಿದರು.

“ಇದು ನನ್ನ ಪೆಟಗಿಯಾಗ ಇಲ್ರಿ. ಇನ್ನೊಂದು ಸಪ್ತಕ ಕೆಳಗ ಅದ. ಅಷ್ಟು ಕೆಳಗ ನನ್ನ ಹತ್ರ ಜಾಗಾನ ಇಲ್ಲ.”

ಅಕ್ಕ ನಿಧಾನವಾಗಿ ತಿರುಗಿದಳು. ನನ್ನ ಮುಖವನ್ನು ನೋಡಿ, ಬಲಗೈಯನ್ನು ಒಂದು ಗೇಣು ಮೇಲೆತ್ತಿದಳು.

ನಾನು ನನ್ನ ಅಂಗೈಯನ್ನು, ಇಷ್ಟು ವರ್ಷ ಸಮತಟ್ಟಾಗಿ ಹಿಡಿದಿದ್ದನ್ನು, ಅವಳ ಕೈಯ ಮಟ್ಟಕ್ಕೆ ಏರಿಸಿದೆ.

“ಏನಿದು ಅಕ್ಕ ತಮ್ಮಂದಿರದು?” ಎಂದು ಸಿದ್ರಾಮಪ್ಪನವರು ಕೇಳಿದ ಮೇಲೆ ಇಡೀ ಕಥೆ ಹೇಳಬೇಕಾಯಿತು. ಅವರು ಕೇಳಿ, ಸ್ವಲ್ಪ ಯೋಚಿಸಿ, “ಮಾಸ್ತರ್ರದೂ ಪೂರಾ ಸುಳ್ಳಲ್ರಿ. ಸ್ವರ ಎರಡೂ ಒಂದ. ಮನಿ ಅಷ್ಟ ಬ್ಯಾರೆ, ಒಂದು ಮ್ಯಾಲಿನ ಮಾಳಿಗಿ, ಒಂದು ಕೆಳಗಿಂದು” ಎಂದು ನನಗೂ ಪಾಸಾಗುವಷ್ಟು ಅಂಕ ಕೊಟ್ಟರು. ಕೃಪಾಂಕವನ್ನು ನಾನು ಯಾರಿಗೂ ಕೊಟ್ಟವನಲ್ಲ. ಆದರೆ ಪಡೆದುಕೊಳ್ಳುವಾಗ ಅದು ಬಹಳ ರುಚಿಯಾಗಿರುತ್ತದೆಂದು ಅಂದು ತಿಳಿಯಿತು.

ಭಾವ ಗಂಭೀರವಾಗಿ ಎದ್ದು ನಿಂತು ಘೋಷಿಸಿದರು: “ಇವತ್ತಿನಿಂದ ನಮ್ಮ ಮನ್ಯಾಗ ನೀಲಿ ಕಿವಿ ಅಂದ್ರ ಪಕ್ಕಾ ಖರೇ ಮಾತು ಅಂತ ಅರ್ಥ. ಮಾಸ್ತರ್ರ, ಬರಕೊಳ್ರಿ.”

“ಶಬ್ದಾರ್ಥಗಳು ಕಾಲಾಂತರದಲ್ಲಿ ಹೀಗೆ ಬದಲಾಗುವುದುಂಟು” ಎಂದು ನಾನು ಸಮ್ಮತಿಸಿದೆ.

ಮಾವ ಆಗಲೇ ಡಬ್ಬಿಯನ್ನು ಬಗ್ಗಿ ನೋಡುತ್ತಿದ್ದರು. “ಹೊಸ ಕೆಪಾಸಿಟರ್ ಹಾಕಿ, ಆ ಕಾಲು ಕೂಡಿಸಿಬಿಡ್ತೀನಿ. ಹಿಂಗ ಅಳಕೋಂತ ಇರೋದು ಛಲೋ ಕಾಣಂಗಿಲ್ಲ.”

“ಮಾವ, ಕೈ ಹಚ್ಚೀರಿ ನೋಡ್ರಿ ಮತ್ತ!” ಎಂದಳು ಅಕ್ಕ. “ಅದು ಅಳಾಕತ್ತಿಲ್ಲ. ಹಂಗ ಇರಲಿ.”

ಮಾವ ಕಟರನ್ನು ಕಿಸೆಯಲ್ಲಿಟ್ಟುಕೊಂಡರು. ತಾವು ಸುಧಾರಿಸಿದ್ದನ್ನು ತಾವೇ ಕೆಡಿಸಿದ್ದಕ್ಕೆ ಇಷ್ಟು ಮೆಚ್ಚುಗೆ ಸಿಕ್ಕಿದ್ದು ಅವರಿಗೆ ಅರಗಲಿಲ್ಲವೆಂದು ಕಾಣುತ್ತದೆ; ಇನ್ನೊಂದು ತಟ್ಟೆ ಭಜಿ ಕೇಳಿದರು.

ಅಕ್ಕ ಸೆರಗಿನಿಂದ ಕೈಯೊರೆಸಿಕೊಂಡು, ಸಿದ್ರಾಮಪ್ಪನವರ ಮುಂದಿದ್ದ ಪೆಟ್ಟಿಗೆಯನ್ನು ಕೇಳದೆಯೇ ತನ್ನ ಕಡೆಗೆ ತಿರುಗಿಸಿಕೊಂಡಳು. ರೇಡಿಯೋ ಗೊಂಯ್ ಎನ್ನುತ್ತಲೇ ಇತ್ತು. ಎಡಗೈಯಿಂದ ತಿದಿಯನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ ನೋಡಿ, ಬಲಗೈಯ ತೋರುಬೆರಳನ್ನು ಬಿಳಿ ಐದರ ಮೇಲಿಟ್ಟು ಒತ್ತಿದಳು. ಅದು ೨೦೨೩ನೆಯ ಇಸವಿಯ ಅಕ್ಟೋಬರ್ ತಿಂಗಳ ಇಪ್ಪತ್ತೊಂಬತ್ತನೆಯ ತಾರೀಖು, ರವಿವಾರ.